ಮೂಲಂಗಿ ಎಲೆಯ ಗಾರೆ ಹೂವು

ನಾನು ಒಂದು ಹೂವು. ಬಳ್ಳಿಯಲ್ಲಿ ಬಿಟ್ಟದ್ದಲ್ಲ, ಸುಣ್ಣದಲ್ಲಿ ಬಿಟ್ಟದ್ದು. ಯಾರೂ ನನ್ನನ್ನು ಮುಡಿದಿಲ್ಲ, ದೇವರ ತಲೆಗೆ ಏರಿಸಿಲ್ಲ, ಸಂಜೆಗೆ ಬಾಡಿತೆಂದು ತಿಪ್ಪೆಗೂ ಎಸೆದಿಲ್ಲ. ಬೆಳಗಾವಿಯ ಕ್ಯಾಂಪಿನಲ್ಲಿ ಎರಡಂತಸ್ತಿನ ಒಂದು ಹಳೆಯ ಮನೆಯಿದೆ. ಅದರ ದೊಡ್ಡ ಹಾಲಿನ ಚಾವಣಿಯಲ್ಲಿ, ನಟ್ಟನಡುವೆ, ತಲೆಕೆಳಗಾಗಿ ಅರಳಿಕೊಂಡು ನೂರು ವರ್ಷದ ಮೇಲಾಯಿತು.

ಹೀಗೆ ಮೇಲಿರುವುದರಿಂದ ಜನರನ್ನು ನಾನು ಬಲ್ಲದ್ದು ನೆತ್ತಿಯಿಂದ. ಯಾರ ಬೈತಲೆ ಓರೆ, ಯಾರ ರುಮಾಲಿನ ಕೆಳಗೆ ಬೋಳು, ಯಾರು ಎರಡೆಳೆ ಕೂದಲನ್ನು ಈ ಕಿವಿಯಿಂದ ಆ ಕಿವಿಗೆ ಎಳೆದು ಮಾನ ಮುಚ್ಚಿಕೊಂಡಿದ್ದಾರೆ, ಎಲ್ಲ ನನಗೆ ಗೊತ್ತು. ಕನ್ನಡಿಯ ಮುಂದೆ ಮುಚ್ಚಿಡಬಹುದು, ನನ್ನ ಮುಂದೆ ಆಗದು. ಆದರೆ ಅವರು ನನ್ನನ್ನು ನೋಡಿದ್ದು ಕಡಿಮೆ. ಮನುಷ್ಯರು ನಡೆಯುವಾಗ ನೆಲ ನೋಡುತ್ತಾರೆ, ಕೂತಾಗ ತಾಟು ನೋಡುತ್ತಾರೆ. ಮುಖಕ್ಕೆ ಮುಖ ಕೊಟ್ಟು ನನ್ನನ್ನು ನೋಡುವವರು ಇಬ್ಬರೇ: ತೊಟ್ಟಿಲ ಕೂಸು, ಹಾಸಿಗೆ ಹಿಡಿದ ರೋಗಿ. ಒಬ್ಬಳು ಮಾತ್ರ ಎರಡೂ ಆಗಿ ನನ್ನ ಕೆಳಗೆ ಮಲಗಿದಳು. ನನ್ನ ಕತೆ ಹೇಳಹೊರಟರೆ ಅದು ಅವಳ ಕತೆಯೇ ಆಗಿಬಿಡುತ್ತದೆ.

ಮೊದಲು ನನ್ನ ಹುಟ್ಟು ಹೇಳುತ್ತೇನೆ. ವಿಕ್ಟೋರಿಯಾ ರಾಣಿಯ ಕಾಲ. ಪಲ್ಟನ್ನಿನ ಕುದುರೆಗಳಿಗೆ ಜೀನು ಮಾರುತ್ತಿದ್ದ ಹಾರ್ಟನ್ ಎಂಬ ಸಾಹೇಬನ ಹೆಂಡತಿಗೆ ಲಂಡನ್ನಿನ ತವರುಮನೆಯ ನೆನಪು ಕಾಡುತ್ತಿತ್ತು. ಅವಳಿಗಾಗಿ ಅವನು ಬೆಳಗಾವಿಯಲ್ಲೇ ಲಂಡನ್ ಕಟ್ಟಲು ಹೊರಟ. ಕಿರಿದಾದ ಮುಖ, ಎತ್ತರದ ಕಿಟಕಿ, ಬಣ್ಣದ ಗಾಜಿನ ಬಾಗಿಲು, ಕೈಯಿಟ್ಟರೆ ಜಾರುವ ನುಣ್ಣನೆಯ ಕಟಾಂಜನದ ಮೆಟ್ಟಿಲು, ಗೋಡೆಯೊಳಗೆ ಮೈ ಕಾಯಿಸುವ ಅಗ್ಗಿಷ್ಟಿಕೆ. ಬೆಳಗಾವಿಯ ಚಳಿಗೆ ಒಂದು ಕಂಬಳಿ ಸಾಕೆಂದು ಅವನಿಗೆ ಯಾರೂ ಹೇಳಲಿಲ್ಲ. ಹಾಲಿನ ಚಾವಣಿಗೆ ಒಂದು ಹೂವು ಬೇಕು, ಅದರ ನಡುವಿನ ಕೊಂಡಿಯಿಂದ ಗಾಜಿನ ದೀಪದ ಗೊಂಚಲು ಇಳಿಬೀಳಬೇಕು ಎಂದು ಹಡಗಿನಲ್ಲಿ ಚಿತ್ರದ ಪುಸ್ತಕ ತರಿಸಿದ.

ಕೆಲಸ ಹಿಡಿದದ್ದು ಇಮಾಮಸಾಬ ಎಂಬ ಗೌಂಡಿ. ಸುಣ್ಣವನ್ನು ತಿಂಗಳುಗಟ್ಟಲೆ ಕೊಳೆಹಾಕಿ, ಅಳಲೆಕಾಯಿ ನೀರು, ಬೆಲ್ಲದ ನೀರು ಬೆರೆಸಿ, ಬೆಣ್ಣೆಯಾಗುವವರೆಗೆ ಅರೆಸಿದ. ನನ್ನ ಮೈಯಲ್ಲಿ ಬೆಲ್ಲವಿದೆ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಎಲ್ಲ ಸಿದ್ಧವಾದ ಮೇಲೆ ತಕರಾರು ಎದ್ದದ್ದು ಎಲೆಗೆ. ಚಿತ್ರದಲ್ಲಿದ್ದ ಎಲೆ ಯಾವುದೆಂದು ಅವನು ಕೇಳಿದ. ಅದು ಗ್ರೀಸ್ ದೇಶದ ಗಿಡದ್ದು, ಇಲ್ಲಿ ಬೆಳೆಯುವುದಿಲ್ಲ ಎಂದು ಸಾಹೇಬ ತಿಳಿಸಿದ. ಇಮಾಮಸಾಬ ಪುಸ್ತಕವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ.

"ಕಾಣದ ಎಲಿ ನನ್ನ ಕೈಗೆ ಬರೂದಿಲ್ಲರಿ," ಎಂದು ಹೇಳಿ ಪುಸ್ತಕ ಮಡಚಿಟ್ಟು ಸಂತೆಗೆ ಹೋದ. ಬರುವಾಗ ಒಂದು ಕಟ್ಟು ಮೂಲಂಗಿ ತಂದ. ಅಂಚು ಹರಿದು ಹರಿದು ಇರುವ ಆ ತಪ್ಪಲನ್ನು ಅಟ್ಟಣಿಗೆಗೆ ನೇತುಹಾಕಿಕೊಂಡು, ಅದನ್ನೇ ನೋಡಿ ನೋಡಿ ನನ್ನ ಸುತ್ತ ಎಲೆ ಎತ್ತಿದ. ಮಧ್ಯಾಹ್ನದ ರೊಟ್ಟಿಗೆ ಮೂಲಂಗಿಯನ್ನೇ ಕಡಿದುಕೊಂಡ. ಮೇಡಂ ಬಂದು ಕತ್ತೆತ್ತಿ ನೋಡಿದಳು, ಕಣ್ಣಲ್ಲಿ ನೀರು ತಂದುಕೊಂಡಳು, ತನ್ನ ತವರಿನಲ್ಲಿದ್ದ ಎಲೆಯೇ ಇದು ಎಂದಳು. ಅಂದಿನಿಂದ ಎಷ್ಟೋ ದೊರೆಗಳು, ದೊರೆಸಾನಿಗಳು ಮೂಲಂಗಿ ತಪ್ಪಲಿನ ಕೆಳಗೆ ಗತ್ತಿನಿಂದ ಊಟ ಮಾಡಿ ಎದ್ದರು. ನಾನು ಗುಟ್ಟು ಬಿಡಲಿಲ್ಲ.

ಇನ್ನೊಂದು ಗುಟ್ಟೂ ಇದೆ. ಎಲ್ಲ ಎಲೆಗಳ ತುದಿ ಬಲಕ್ಕೆ ಬಾಗಿವೆ, ಒಂದರದು ಮಾತ್ರ ಎಡಕ್ಕೆ. ಕೊನೆಯ ಎಲೆಯನ್ನು ಇಮಾಮಸಾಬ ಬೇಕೆಂದೇ ತಿರುವಿಟ್ಟ. ಜತೆಗಾರ ಅದನ್ನು ತೋರಿಸಿ, ಕೈ ತಪ್ಪಿತೇ ಎಂದು ಕೇಳಿದ. "ಪೂರಾ ಚಂದ ಆದ್ರ ಮಂದಿ ನದರ ತಾಗತೈತಿ, ಇರ್ಲಿ ಒಂದು," ಎಂದು ಹೇಳಿ ಅವನು ಕೈ ತೊಳೆದುಕೊಂಡ.

ಹಾರ್ಟನ್ ಸಾಹೇಬನ ಕಾಲ ಮುಗಿಯಿತು. ಇನ್ನೊಬ್ಬ ಬಂದ, ಅವನೂ ಹೋದ. ಕೊನೆಗೆ ಬಿಳಿಯರೆಲ್ಲ ಗಂಟುಮೂಟೆ ಕಟ್ಟಿದಾಗ ಮನೆಯನ್ನು ಕೊಂಡವರು ಪೇಟೆಯ ಬೆಲ್ಲದ ವ್ಯಾಪಾರಿ ರಾಚಪ್ಪ ಮತ್ತು ಅವನ ತಮ್ಮ ಶಿವಪುತ್ರಪ್ಪ. ಹೆಸರಿಗೆ ಅಣ್ಣತಮ್ಮಂದಿರ ಮನೆ, ನಡೆಯುತ್ತಿದ್ದದ್ದು ಅವರ ತಾಯಿ ಗೌರವ್ವನ ಮಾತು. ಬಂದ ದಿನವೇ ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮನೆಯನ್ನು ಸುತ್ತು ಹಾಕಿದಳು. ಅಗ್ಗಿಷ್ಟಿಕೆಯೊಳಗೆ ಇಣುಕಿ, ಅಲ್ಲಿ ಜೋಳದ ಚೀಲ ಇಡಿಸಿದಳು. ಅರ್ಧ ಗಾಜು ಉದುರಿದ್ದ ದೀಪದ ಗೊಂಚಲನ್ನು ಇಳಿಸಲು ಹೇಳಿದಳು. ಕೊಂಡಿಯನ್ನೂ ಕಿತ್ತುಬಿಡಲೇ ಎಂದು ರಾಚಪ್ಪ ಕೇಳಿದ.

"ದೀಪಾ ಇಡಾಕ ಗ್ವಾಡಿ ಇಲ್ಲೇನು? ನಡುಮನ್ಯಾಗ ಕೊಂಡಿ ಇರೂದು ತೊಟ್ಟಲಕ್ಕ," ಎಂದಳು ಗೌರವ್ವ.

ವರ್ಷ ತುಂಬುವುದರೊಳಗೆ ತೊಟ್ಟಿಲು ಬಂತು. ರಾಚಪ್ಪನಿಗೆ ಮಗಳು ಹುಟ್ಟಿದ್ದಳು. ತೊಟ್ಟಿಲಿಗೆ ಕೂಸನ್ನು ಹಾಕುವ ಮೊದಲು ಈ ಕಡೆಯ ಹೆಂಗಸರು ಒಂದು ಶಾಸ್ತ್ರ ಮಾಡುತ್ತಾರೆ. ರುಬ್ಬುವ ಒಳಕಲ್ಲಿನ ಗುಂಡಕಲ್ಲಿಗೆ ಎಣ್ಣೆ ಹಚ್ಚಿ, ಕೂಸಿನ ಬೆನ್ನುದ್ದದ ಟೊಪ್ಪಿಗೆಯಾದ ಕುಂಚಿಗೆಯನ್ನು ಅದಕ್ಕೆ ತೊಡಿಸಿ, ಮೊದಲು ಅದನ್ನು ಮಲಗಿಸಿ ತೂಗುತ್ತಾರೆ. ಕೂಸು ಗುಂಡಕಲ್ಲಿನ ಹಾಗೆ ಗಟ್ಟಿಮುಟ್ಟಾಗಿ ಬಾಳಲಿ ಎಂಬ ಹಾರೈಕೆ. ಆ ಕಲ್ಲು ತೂಗುವಾಗ ನನ್ನ ಕೊಂಡಿ ಮೊದಲ ಸಲ ತೂಗಾಡುವ ಭಾರ ಎಂದರೇನೆಂದು ಕಂಡಿತು. ಆಮೇಲೆ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಉಸುರಿದಳು, ಉಳಿದ ಹೆಂಗಸರು ಕುರ್ ಎನ್ನುತ್ತ ಅವಳ ಬೆನ್ನಿಗೆ ಗುದ್ದಿದರು. ದಾಕ್ಷಾಯಣಿ ಎಂದು ಹೆಸರಾಯಿತು.

ಕೂಸು ಕಣ್ಣು ಬಿಟ್ಟು ನೇರವಾಗಿ ನನ್ನನ್ನೇ ನೋಡಿತು. ಅಷ್ಟು ವರ್ಷ ನೆತ್ತಿಗಳನ್ನೇ ಕಂಡು ಬೇಸತ್ತಿದ್ದ ನನಗೆ ಎರಡು ಕಪ್ಪು ಕಣ್ಣು ಸಿಕ್ಕವು. ನನಗಾದ ಸಂತೋಷವನ್ನು ಹೇಗೆ ಹೇಳಲಿ, ಸುಣ್ಣಕ್ಕೆ ನಾಲಿಗೆಯಿಲ್ಲ.

ದಾಕ್ಷಿ ಬೆಳೆದಳು. ಅವಳ ಹಿಂದೆ ಬಾಲದಂತೆ ಕಾಕಾ ಶಿವಪುತ್ರಪ್ಪನ ಮಗ ವಿರೂಪಾಕ್ಷಿ. ಈ ಮನೆಯ ಗೋಡೆಯ ಗಾರೆಯಲ್ಲಿ ಬೆಲ್ಲ ಹಾಕಿದ್ದಾರೆ ಎಂದು ಗೌರವ್ವ ಯಾವಾಗಲೋ ಬಾಯಿತಪ್ಪಿ ಹೇಳಿದ್ದೇ ತಡ, ಇಬ್ಬರೂ ಮೆಟ್ಟಿಲ ಮೂಲೆಯಲ್ಲಿ ಕೂತು ಗೋಡೆ ನೆಕ್ಕತೊಡಗಿದರು. ಪೇಟೆ ತುಂಬ ಬೆಲ್ಲದ ಪೆಂಟೆ ಇಟ್ಟುಕೊಂಡವರ ಮನೆಯ ಮಕ್ಕಳು ಸುಣ್ಣ ನೆಕ್ಕಿ ಹೊಟ್ಟೆನೋವು ತಂದುಕೊಂಡರು ಎಂದರೆ ಊರು ನಗದೆ ಬಿಟ್ಟೀತೆ? ಗೌರವ್ವ ಇಬ್ಬರಿಗೂ ಕಷಾಯ ಕುಡಿಸಿ ಮೂಲೆಗೆ ಸಗಣಿ ಬಳಿದಳು.

ಇದಾಗಿ ಕೆಲವು ವರ್ಷಕ್ಕೆ, ದಾಕ್ಷಿ ಶಾಲೆಗೆ ಹೋಗುವ ವಯಸ್ಸಿನಲ್ಲಿ, ಕಟಾಂಜನದ ಮೇಲೆ ಜಾರುವ ಆಟದಲ್ಲಿ ಆಯತಪ್ಪಿ ಕೆಳಗೆ ಬಿದ್ದಳು. ತೊಡೆಯ ಎಲುಬು ಮುರಿಯಿತು. ಕಾಲಿಗೆ ಪ್ಲಾಸ್ಟರು ಕಟ್ಟಿದರು. ಮೇಲಿನ ಕೋಣೆಗೆ ಹೊರುವುದು ಕಷ್ಟವೆಂದು ಹಾಲಿನಲ್ಲೇ, ಸರಿಯಾಗಿ ನನ್ನ ಕೆಳಗೆ, ಮಂಚ ಹಾಕಿದರು. ಅವಳ ನೋವು ನೋಡಿ ನಾನು ಸಂಕಟಪಟ್ಟೆ, ಅವಳು ನನ್ನನ್ನು ನೋಡುತ್ತಾಳೆಂದು ಹಿಗ್ಗಿದೆ. ಎರಡೂ ನಿಜ.

ಆ ಮಳೆಗಾಲವೆಲ್ಲ ಅವಳು ನನ್ನನ್ನೇ ಓದಿದಳು. ಎಲೆಗಳನ್ನು ಎಣಿಸಿದಳು, ಎಣಿಕೆ ತಪ್ಪಿದಾಗ ನನಗೇ ಬೈದಳು. ಒಂದು ದಿನ ತಿರುವಿದ ಎಲೆ ಅವಳ ಕಣ್ಣಿಗೆ ಬಿತ್ತು. ಆಮೇಲೆ ಅದೊಂದೇ ಅವಳ ಗೆಳತಿ. ಅದಕ್ಕೆ ಶಾಲೆಯ ಸುದ್ದಿ ಹೇಳುತ್ತಿದ್ದಳು, ಕಹಿ ಔಷಧ ಕುಡಿಯುವ ಮೊದಲು ಅದಕ್ಕೊಂದು ಗುಟುಕು ಎತ್ತಿ ತೋರಿಸುತ್ತಿದ್ದಳು.

ಪ್ಲಾಸ್ಟರು ಬಿಚ್ಚಿದಾಗ ಆ ಕಾಲು ಸ್ವಲ್ಪ ಗಿಡ್ಡಾಗಿತ್ತು, ಪಾದ ಸ್ವಲ್ಪ ಹೊರಕ್ಕೆ ತಿರುಗಿತ್ತು. ಮನೆಯಲ್ಲಿ ಪಿಸುಮಾತು ಎದ್ದಿತು. ಕುಂಟಿಯನ್ನು ಯಾರು ಮಾಡಿಕೊಳ್ಳುತ್ತಾರೆಂದು ರಾಚಪ್ಪ ಹೆಂಡತಿಯ ಹತ್ತಿರ ಕಣ್ಣೀರು ಹಾಕಿದ. ಹುಡುಗಿ ಕೇಳಿಸಿಕೊಂಡಳು. ಎರಡು ದಿನ ಅನ್ನ ಬಿಟ್ಟು, ಮಂಚ ಬಿಟ್ಟು ಏಳದೆ ಮಲಗಿದಳು. ಮೂರನೆಯ ದಿನ ಗೌರವ್ವ ಮಂಚದ ಮೇಲೆ ಅವಳ ಪಕ್ಕದಲ್ಲೇ ಅಂಗಾತ ಉರುಳಿಕೊಂಡಳು. ಮುದುಕಿಯ ಮುಖವನ್ನು ನಾನು ಪೂರ್ತಿಯಾಗಿ ಕಂಡದ್ದು ಅಂದೇ.

"ಆಯಿ, ಅದೊಂದ ಎಲಿ ಯಾಕ ಹಂಗೈತಿ?" ಎಂದು ಹುಡುಗಿ ಕೇಳಿದಳು.

"ದೃಷ್ಟಿಬೊಟ್ಟು ಅದು. ಎಲ್ಲಾ ಸರಿ ಆದ್ರ ದೃಷ್ಟಿ ತಾಗತೈತಿ. ಮಾಡಿದಾಂವ ಶ್ಯಾಣ್ಯಾ," ಎಂದಳು ಗೌರವ್ವ. ಹುಡುಗಿಯ ಮೊಣಕಾಲ ಮೇಲೆ ಕೈಯಿಟ್ಟು, "ನಿಂದೂ ಹಂಗ," ಎಂದಳು.

ಆ ಸಂಜೆ ಹುಡುಗಿ ಎದ್ದು ಕುಂಟುತ್ತಲೇ ಅಡಿಗೆಮನೆಗೆ ಹೋಗಿ ರೊಟ್ಟಿ ಕೇಳಿದಳು.

ಮದುವೆಯೂ ಆಯಿತು. ಬೈಲಹೊಂಗಲದ ಒಬ್ಬ ಶಾಲಾ ಮಾಸ್ತರ ಅವಳ ಕಾಲು ನೋಡದೆ ಮುಖ ನೋಡಿ ಒಪ್ಪಿದ. ಗಂಡನ ಮನೆಗೆ ಹೊರಡುವ ದಿನ ದಾಕ್ಷಿ ಹಿರಿಯರ ಕಾಲಿಗೆಲ್ಲ ನಮಸ್ಕಾರ ಮಾಡಿದಳು. ಕೊನೆಗೆ ಇಳಕಲ್ ಸೀರೆಯಲ್ಲೇ ಹಾಲಿನ ನಡುವೆ ನೆಲದ ಮೇಲೆ ಅಂಗಾತ ಮಲಗಿಬಿಟ್ಟಳು. ಮದುಮಗಳು ಹೀಗೆ ಮಲಗುವುದೆಂದರೇನು ಎಂದು ಹೆಂಗಸರು ಹೌಹಾರಿದರು. ಅವಳು ನನ್ನನ್ನು ಕಣ್ಣುತುಂಬ ನೋಡಿ, ಎದ್ದು, ಸೀರೆಯ ಧೂಳು ಕೊಡವಿಕೊಂಡು ಹೋದಳು.

ಅವಳು ಹೋದ ಮೇಲೆ ಮನೆಯ ಗ್ರಹಗತಿ ಬದಲಾಯಿತು. ಗೌರವ್ವ ತೀರಿಕೊಂಡಳು. ಅಣ್ಣತಮ್ಮಂದಿರು ಪಾಲಾದರು, ಮನೆ ಶಿವಪುತ್ರಪ್ಪನ ಪಾಲಿಗೆ, ಆಮೇಲೆ ಅವನ ಮಗ ವಿರೂಪಾಕ್ಷಿಗೆ ಹೋಯಿತು. ಅವನು ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡು ಇದನ್ನು ಬಾಡಿಗೆಗೆ ಬಿಟ್ಟ. ಬಾಡಿಗೆಯವರು ಬಂದು ನನ್ನ ಓರಗೆಯವರನ್ನು ಒಬ್ಬೊಬ್ಬರನ್ನಾಗಿ ಮುಗಿಸಿದರು. ಅಗ್ಗಿಷ್ಟಿಕೆಗೆ ಇಟ್ಟಿಗೆ ತುಂಬಿ ಮುಚ್ಚಿದರು. ಬಣ್ಣದ ಗಾಜಿನ ಬಾಗಿಲು ಹೋಗಿ ಕಬ್ಬಿಣದ ಶಟರು ಬಂತು. ಕಟಾಂಜನವನ್ನು ಯಾರೋ ಕಿತ್ತುಕೊಂಡು ಹೋದರು, ಎಲ್ಲಿಗೋ ತಿಳಿಯದು.

ನನ್ನ ಸರದಿಯೂ ಬಂತು. ಇನ್ಶೂರೆನ್ಸ್ ಆಫೀಸಿನವರು ಎತ್ತರದ ಚಾವಣಿ ತಮಗೆ ಬೇಡವೆಂದು ನನ್ನ ಕೆಳಗೆ ಹಲಗೆಯ ಇನ್ನೊಂದು ಚಾವಣಿ ಹೊಡೆಸಿದರು. ಕೊನೆಯ ಹಲಗೆ ಕೂತ ಮೇಲೆ ಕತ್ತಲೆ. ಒಡೆದರೂ ಇಷ್ಟು ನೋವಾಗುತ್ತಿರಲಿಲ್ಲವೇನೋ ಎಂದುಕೊಂಡೆ. ಈಗ ಯೋಚಿಸಿದರೆ, ಆ ಹಲಗೆಯೇ ನನ್ನನ್ನು ಕಾಪಾಡಿತು. ಮರೆತವರು ಮುರಿಯುವುದಿಲ್ಲ.

ಕತ್ತಲೆಯಲ್ಲಿ ನನಗೆ ಉಳಿದದ್ದು ಕಿವಿ ಮಾತ್ರ. ಆಫೀಸು ಹೋಗಿ ಟೈಪಿಂಗ್ ಕ್ಲಾಸು ಬಂತು, ಅದು ಹೋಗಿ ಕಂಪ್ಯೂಟರ್ ಕ್ಲಾಸು, ಅದೂ ಹೋಗಿ ಮೊಬೈಲ್ ಅಂಗಡಿ. ಹಲ್ಲಿಗಳು ನನ್ನ ಮೇಲೆ ಸಂಸಾರ ಹೂಡಿದವು. ಒಂದು ಮಧ್ಯಾಹ್ನ ಕೆಳಗೆ ಹೆಜ್ಜೆಯ ಸಪ್ಪಳ ಕೇಳಿತು: ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ. ನನಗೆ ಗುರುತು ಸಿಕ್ಕಿತು. ಫೋನು ಕೊಳ್ಳಲು ಬಂದಿದ್ದ ದಾಕ್ಷಾಯಣಿ, ಈ ಹಲಗೆಯ ಮೇಲೆ ಒಂದು ಹೂವಿದೆ ಎಂದು ಅಂಗಡಿಯವರಿಗೆ ಹೇಳುತ್ತಿದ್ದಳು. ಅವರು ನಕ್ಕು, ಹೊಸ ಕವರು ತೋರಿಸಲೇ ಎಂದು ಕೇಳಿದರು. ಆಮೇಲೆ ಉದ್ದ ಹೆಜ್ಜೆ, ಗಿಡ್ಡ ಹೆಜ್ಜೆ ದೂರವಾದವು. ಕೂಗಿ ಕರೆಯಲು ಆಗಲಿಲ್ಲವಲ್ಲ ಎಂದು ನಾನು ಕೊರಗಿದೆ.

ಮುಂದೆ ಮಹಡಿಯ ಹೆಂಚು ಒಡೆದು ಮಳೆನೀರು ನನ್ನ ಒಂದು ಮಗ್ಗುಲಿಗೆ ಇಳಿಯಿತು. ಹಲಗೆ ಊದಿಕೊಂಡಿತು, ಅಂಗಡಿಯವರು ಬಿಟ್ಟುಹೋದರು. ಪಾಟೀಲ ಎಂಬ ಇಂಜಿನಿಯರನ್ನು ವಿರೂಪಾಕ್ಷಿ ಕರೆತಂದ. ಹಳೆಯ ಚಾವಣಿಯನ್ನೆಲ್ಲ ಕೆಡವಿ ಸ್ಲ್ಯಾಬು ಹಾಕುವುದೆಂದು ಅವರು ಮಾತಾಡಿಕೊಂಡದ್ದು ನನ್ನ ಕಿವಿಗೆ ಬಿತ್ತು. ಮುಗಿಯಿತು ಎಂದುಕೊಂಡೆ.

ಅದೇ ವಾರ ಉದ್ದ ಹೆಜ್ಜೆ, ಗಿಡ್ಡ ಹೆಜ್ಜೆ ಮತ್ತೆ ಬಂದವು. ಗಂಡ ತೀರಿಕೊಂಡ ಮೇಲೆ ದಾಕ್ಷಾಯಣಿ ಬೆಳಗಾವಿಗೆ ಮರಳಿ ಬಸ್ ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುತ್ತಿದ್ದಳು. ಅವಳ ಜೋಳದ ರೊಟ್ಟಿ, ಎಣ್ಣೆಗಾಯಿಗೆ ಜನ ಬಾಗಿಲ ಹೊರಗೆ ಸಾಲು ನಿಲ್ಲುತ್ತಿದ್ದರು. ದೊಡ್ಡ ಜಾಗ ಬೇಕಾಗಿತ್ತು, ಈ ಹಾಲನ್ನು ಬಾಡಿಗೆಗೆ ಕೇಳಿದಳು. ವಿರೂಪಾಕ್ಷಿ ಸಂತೋಷದಿಂದ ಒಪ್ಪಿದ, ಸ್ಲ್ಯಾಬು ಆಗಲಿ ಎಂದ. ಅವಳಿಗೆ ಬೇಕಾಗಿದ್ದದ್ದು ಸ್ಲ್ಯಾಬಲ್ಲ.

"ಮ್ಯಾಲಿನ ಹೂವಾ ಇಟ್ಟು ಮಾಡು ತಮ್ಮಾ," ಎಂದಳು.

ಅದು ಎಂದೋ ಒಡೆದುಹೋಗಿರಬೇಕು, ಇಷ್ಟು ವರ್ಷ ಉಳಿದೀತೇ ಎಂದು ಅವನು ನಕ್ಕ. ಆದರೂ ಅಕ್ಕನ ಮಾತು ತೆಗೆಯಲಾರದೆ ಹಲಗೆ ಬಿಚ್ಚಿಸಿದ. ಒಂದು ಚೌಕ ಸರಿಯಿತು, ಬೆಳಕು ಸುರಿಯಿತು. ಬಹಳ ದಿನದ ಮೇಲೆ ನೆತ್ತಿಗಳನ್ನು ಕಂಡೆ. ಪಾಟೀಲನದು ಹೆಲ್ಮೆಟ್ಟು. ವಿರೂಪಾಕ್ಷಿಯದು ಪೂರ್ತಿ ಬೋಳು, ಹೊಳೆಯುತ್ತಿತ್ತು. ಪಕ್ಕದಲ್ಲಿ ಬೆಳ್ಳಗಾದ ಕೂದಲು, ಅಗಲವಾದ ಬೈತಲೆ. ಆ ಬೈತಲೆ ತಟ್ಟನೆ ಕಣ್ಮರೆಯಾಯಿತು. ದಾಕ್ಷಾಯಣಿ ಹಲ್ಲಿಹಿಕ್ಕೆ, ಧೂಳು ಯಾವುದನ್ನೂ ಲೆಕ್ಕಿಸದೆ ನೆಲದ ಮೇಲೆ ಅಂಗಾತ ಮಲಗಿದ್ದಳು.

"ಐತಿ," ಎಂದಳು. ಬೆರಳು ಎತ್ತಿ ತೋರಿಸಿ, "ತಿರುವು ಎಲಿನೂ ಐತಿ," ಎಂದಳು. ಕಣ್ಣೀರು ಕಿವಿಯತ್ತ ಹರಿಯುತ್ತಿತ್ತು.

ಪಾಟೀಲ ಏಣಿ ಹತ್ತಿ ನನ್ನನ್ನು ಬೆರಳಿನಿಂದ ತಟ್ಟಿ ನೋಡಿದ. ಒಂದು ಮಗ್ಗುಲು ಗಟ್ಟಿ, ಇನ್ನೊಂದು ಡಬಡಬ ಎಂದಿತು. ಮೇಲಿನ ತೇಗದ ತೊಲೆಗೆ ಏನೂ ಆಗಿಲ್ಲ, ಆದರೆ ಗಾರೆಯನ್ನು ನಂಬುವಂತಿಲ್ಲ ಎಂದ. ವಿರೂಪಾಕ್ಷಿ ಕೆಟ್ಟವನಲ್ಲ, ಅಂಜುಬುರುಕ. ನಾಳೆ ಊಟಕ್ಕೆ ಬಂದವರ ತಲೆಯ ಮೇಲೆ ಬಿದ್ದರೆ ಯಾರು ಹೊಣೆ ಎಂದು ಅವನು ಕೇಳಿದ್ದರಲ್ಲಿ ತಪ್ಪೇನಿತ್ತು? ದಾಕ್ಷಾಯಣಿ ಕತ್ತೆತ್ತಿ ನನ್ನ ಕೊಂಡಿ ನೋಡಿದಳು. ಅವಳ ಮಗಳು ಶೈಲಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ಹೆಣ್ಣು ಹಡೆದಿದ್ದಳು. ಕೂಸಿಗೆ ಹೆಸರಿಡುವುದು ಬಾಕಿಯಿತ್ತು.

"ಆ ಕೊಂಡಿಗೆ ತೊಟ್ಟಲಾ ಕಟ್ಟೂನು," ಎಂದಳು ದಾಕ್ಷಾಯಣಿ. "ಆಯಿ ಇಟ್ಟ ಗುಂಡಕಲ್ಲ ಇನ್ನೂ ನನ್ನ ಹಂತೇಕ ಐತಿ. ಕಲ್ಲಾ ತಡಕೊಂಡ್ರ ಹೂವಾ ಬಿಡು. ಇಲ್ಲಂದ್ರ ಕೆಡವು, ನಾ ಒಂದ ಮಾತ ಆಡೂದಿಲ್ಲ."

ವಿರೂಪಾಕ್ಷಿ ಒಪ್ಪಿದ. ಹೀಗೆ ನನ್ನ ಜೀವ ಒಂದು ಗುಂಡಕಲ್ಲಿಗೆ ಕಟ್ಟುಬಿತ್ತು.

ಹೆಸರಿಡುವ ದಿನ ಹಾಲು ತೊಳೆದು ರಂಗೋಲಿ ಹಾಕಿದ್ದರು. ಗುಗ್ಗರಿಯ ವಾಸನೆ ನನ್ನವರೆಗೂ ಬಂತು. ಹಗ್ಗ ಕೊಂಡಿಗೆ ಬಿತ್ತು, ಗೌರವ್ವನ ಕಾಲದ ತೊಟ್ಟಿಲು ಇಳಿಬಿತ್ತು. ಎಣ್ಣೆ ಹಚ್ಚಿ ಕುಂಚಿಗೆ ತೊಡಿಸಿದ ಗುಂಡಕಲ್ಲನ್ನು ಇಬ್ಬರು ಹೆಂಗಸರು ತೊಟ್ಟಿಲ ಕೆಳಗಿಂದ ಮೇಲಿಂದ ದಾಟಿಸಿ ಒಳಗೆ ಮಲಗಿಸಿದರು. ಜೋಗುಳ ಶುರುವಾಯಿತು. ವಿರೂಪಾಕ್ಷಿ ಗೋಡೆಗೆ ಒರಗಿ ಕತ್ತೆತ್ತಿ ನಿಂತಿದ್ದ. ದಾಕ್ಷಾಯಣಿ ಕತ್ತು ಎತ್ತಲೇ ಇಲ್ಲ, ತೊಟ್ಟಿಲ ಹಗ್ಗ ಹಿಡಿದು ತೂಗುತ್ತಿದ್ದಳು. ಕೊಂಡಿ ಕಿರ್ ಎನ್ನುತ್ತಿತ್ತು. ಹಿಡಿದುಕೊಳ್ಳಲು ನನಗೆ ಕೈಯಿಲ್ಲ, ಉಸಿರು ಬಿಗಿಹಿಡಿಯಲು ಮೂಗಿಲ್ಲ. ಇಮಾಮಸಾಬನನ್ನು ನೆನೆದುಕೊಂಡೆ.

ಮಳೆಗೆ ನೆನೆದ ಮಗ್ಗುಲಲ್ಲಿ ಏನೋ ಸಡಿಲಿತು. ತಡೆಯಲಾಗಲಿಲ್ಲ. ತಿರುವಿದ ಎಲೆ ನನ್ನಿಂದ ಕಳಚಿ ನೆಟ್ಟಗೆ ತೊಟ್ಟಿಲೊಳಗೆ ಬಿದ್ದು, ಕಲ್ಲಿಗೆ ಬಡಿದು ಚೂರಾಯಿತು.

ಜೋಗುಳ ನಿಂತಿತು. ಮಾರು ದೂರದಲ್ಲಿ ಶೈಲಾ ಕೂಸನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಕಲ್ಲಿನ ಜಾಗದಲ್ಲಿ ಕೂಸು ಇದ್ದಿದ್ದರೆ ಎಂದು ಎಲ್ಲರೂ ಅವಳತ್ತ ತಿರುಗಿದರು. ದಾಕ್ಷಾಯಣಿಯ ಮುಖ ಸುಣ್ಣವಾಗಿತ್ತು. ಅವಳು ಹಗ್ಗ ಬಿಟ್ಟಳು.

"ಕೂಸಿಗಿಂತ ಹೂವಾ ದೊಡ್ಡದಲ್ಲ. ಕೆಡವು ತಮ್ಮಾ," ಎಂದಳು. ಹೆಂಗಸರನ್ನು ಒಳಗಿನ ಕೋಣೆಗೆ ಕರೆದೊಯ್ದು, ಕೂಸನ್ನು ತನ್ನ ಮಡಿಲಲ್ಲೇ ಮಲಗಿಸಿಕೊಂಡು ಶಾಸ್ತ್ರ ಮುಗಿಸಿದಳು. ಗೌರಿ ಎಂದು ಹೆಸರಾಯಿತು. ಅತ್ತೆಯ ಬೆನ್ನಿಗೆ ಗುದ್ದುವ ಸಪ್ಪಳ ಕೇಳಿತು, ನಗು ಮಾತ್ರ ಅಳುಕುತ್ತ ಬಂತು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳ ಜಾಗದಲ್ಲಿ ಗೌರವ್ವ ಇದ್ದಿದ್ದರೂ ಅದನ್ನೇ ಹೇಳುತ್ತಿದ್ದಳು. ಇಂಥವಳ ಕಣ್ಣೆದುರು ಬಾಳಿದೆನಲ್ಲ ಎಂದು ಹೆಮ್ಮೆಯಾಯಿತು, ಹೋಗುವುದಕ್ಕೂ ಸಿದ್ಧವಾದೆ.

ಹಾಲಿನಲ್ಲಿ ವಿರೂಪಾಕ್ಷಿ ಒಬ್ಬನೇ ಉಳಿದಿದ್ದ. ತೊಟ್ಟಿಲ ಹತ್ತಿರ ಬಂದು ಎಲೆಯ ಒಂದು ಚೂರು ಎತ್ತಿಕೊಂಡ. ಹಿಂದುಮುಂದು ನೋಡಿದ, ಅಂಗಿಗೆ ಒರೆಸಿದ. ಆಮೇಲೆ, ಅರವತ್ತು ದಾಟಿದ ಆ ಬೋಳುತಲೆಯ ಮನುಷ್ಯ, ಅದನ್ನು ನಾಲಿಗೆಗೆ ಮುಟ್ಟಿಸಿದ.

ಬಾಗಿಲಲ್ಲಿ ದಾಕ್ಷಾಯಣಿ ನಿಂತಿದ್ದಳು. "ಸಿಹಿ ಐತೇನೋ?"

ಅವನಿಗೆ ನಾಚಿಕೆಯಾಯಿತು. "ಇಲ್ಲಕ್ಕಾ. ಆವಾಗೂ ಇರಲಿಲ್ಲ."

"ಮತ್ತ ಯಾಕ ನೆಕ್ಕತಿದ್ದಿ?"

"ನೀ ನೆಕ್ಕತಿದ್ದಿ ಅಂತ."

ಅವಳು ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ತೊಟ್ಟಿಲು ಬಿಚ್ಚಲೆಂದು ಹಗ್ಗಕ್ಕೆ ಕೈ ಹಾಕಿದಳು. ವಿರೂಪಾಕ್ಷಿ ಅವಳ ಕೈ ತಡೆದ. ಗಲಿಬಿಲಿಯಲ್ಲಿ ಗುಂಡಕಲ್ಲನ್ನು ಎತ್ತಲು ಎಲ್ಲರೂ ಮರೆತಿದ್ದರು. ಕುಂಚಿಗೆ ತೊಟ್ಟ ಕಲ್ಲು ಅಷ್ಟು ಹೊತ್ತೂ ಅಲ್ಲೇ ತೂಗಾಡುತ್ತಿತ್ತು.

"ಮಾತ ಏನಿತ್ತು?" ಎಂದ ಅವನು. "ಕಲ್ಲಾ ತಡಕೊಂಡ್ರ ಬಿಡು ಅಂದಿದ್ದಿ. ಎಲಿ ಬಿದ್ದೈತಿ, ಕಲ್ಲ ಬಿದ್ದಿಲ್ಲ."

"ಹಂಗಂದ್ರ ಕೂಸಿನ ತಲಿ ಮ್ಯಾಲ ಬಿದ್ರ ನಡೀತೈತೇನು?"

"ಬೀಳದಂಗ ಮಾಡಸೂನು. ಖಾನಾವಳಿ ಎರಡ ತಿಂಗಳ ತಡಾ ಆಗಲಿ," ಎಂದ ವಿರೂಪಾಕ್ಷಿ. ಬದುಕಿನಲ್ಲಿ ಮೊದಲ ಸಲ ಅವನು ಅಂಜದೆ ಆಡಿದ ಮಾತು ಅದು.

ಪಾಟೀಲ ಮತ್ತೆ ಏಣಿ ಹತ್ತಿದ. ನೀರು ಕುಡಿದ ಮಗ್ಗುಲು ಮಾತ್ರ ಸೋತಿದೆ, ಉಳಿದದ್ದನ್ನು ತೊಲೆಗೆ ಬಿಗಿದು ನಿಲ್ಲಿಸಬಹುದು ಎಂದ. ಮಹಡಿಯ ಹೆಂಚು ಬದಲಾಯಿತು. ಹಿತ್ತಾಳೆಯ ಸ್ಕ್ರೂಗಳಿಂದ ನನ್ನನ್ನು ಅಲ್ಲಲ್ಲಿ ಬಿಗಿದರು, ಗುಳ್ಳೆಯೆದ್ದ ಕಡೆ ಹೊಸ ಸುಣ್ಣ ಉಣ್ಣಿಸಿದರು. ಬೇನೆ ಬಿದ್ದವರಿಗೆ ಮದ್ದು ಕುಡಿಸುವ ಹಾಗೆ ಸ್ವಲ್ಪ ಸ್ವಲ್ಪವೇ ಕುಡಿಸಿದರು. ಎರಡು ತಿಂಗಳು ಅಂದದ್ದು ನಾಲ್ಕಾಯಿತು, ಯಾವ ಮನೆಕೆಲಸ ಹೇಳಿದ ದಿನಕ್ಕೆ ಮುಗಿದಿದೆ? ದಾಕ್ಷಾಯಣಿ ಹಳೆಯ ಜಾಗದಲ್ಲೇ ರೊಟ್ಟಿ ಬಡಿಯುತ್ತ, ಬಿಡುವಾದಾಗ ಬಂದು ನೋಡಿಹೋಗುತ್ತಿದ್ದಳು.

ಕೊನೆಗೆ ಉಳಿದದ್ದು ಬಿದ್ದ ಎಲೆಯ ಜಾಗ. ಗೌಂಡಿ ಹನಮಂತನಿಗೆ ಪಾಟೀಲ ತನ್ನ ಮೊಬೈಲಿನಲ್ಲಿ ಗ್ರೀಸ್ ದೇಶದ ಎಲೆಯ ಫೋಟೋ ತೋರಿಸಿದ. ಹನಮಂತ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ತಲೆ ಕೆರೆದುಕೊಂಡ, ಎರಡೂ ಒಂದೇ ಅಲ್ಲವಲ್ಲ ಎಂದ. ದಾಕ್ಷಾಯಣಿ ಪಲ್ಯೆಗೆ ತಂದಿದ್ದ ಚೀಲದಿಂದ ಒಂದು ಕಟ್ಟು ಮೂಲಂಗಿ ತೆಗೆದು ಅವನ ಕೈಗೆ ಕೊಟ್ಟಳು. ಆ ಹೊತ್ತು ನನಗಾದ ಬೆರಗು ಅಷ್ಟಿಷ್ಟಲ್ಲ. ಇಮಾಮಸಾಬ ಯಾವ ತಪ್ಪಲು ನೋಡಿ ಮಾಡಿದನೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಒಂದು ಮಳೆಗಾಲವೆಲ್ಲ ನನ್ನನ್ನು ನೋಡಿದವಳು, ಮುಂದೆ ದಿನವೂ ಮೂಲಂಗಿ ಹೆಚ್ಚಿದವಳು. ತಾನಾಗಿಯೇ ಗುರುತು ಹಿಡಿದಿದ್ದಳು.

ಎಲೆಯನ್ನು ಎಡಕ್ಕೆ ತಿರುವಿಡು ಎಂದು ಅವಳು ಹೇಳಿದಾಗ ಹನಮಂತ ಒಪ್ಪಲಿಲ್ಲ. ನೋಡಿದವರು ಗೌಂಡಿಗೆ ಕೆಲಸ ಬರುವುದಿಲ್ಲ ಅನ್ನುತ್ತಾರೆ ಎಂದ. ಅನ್ನಲಿ ಬಿಡು, ಕೇಳಿದವರಿಗೆ ತಾನು ಹೇಳುತ್ತೇನೆ ಎಂದು ವಿರೂಪಾಕ್ಷಿ ಅವನನ್ನು ಸಮಾಧಾನ ಮಾಡಿದ. ಹೊಸ ಸುಣ್ಣಕ್ಕೂ ಬೆಲ್ಲದ ನೀರು ಬಿತ್ತು. ಬೆಲ್ಲ ತರುವಾಗ ವಿರೂಪಾಕ್ಷಿ ಒಂದು ಹೆಂಟೆ ಬಾಯಿಗೆ ಹಾಕಿಕೊಂಡದ್ದು ನನಗೆ ಮೇಲಿಂದ ಕಂಡಿತು.

ಈಗ ಹಾಲಿನಲ್ಲಿ ದಿನವೂ ಪಂಕ್ತಿ ಬೀಳುತ್ತದೆ. ಊಟದವರ ನೆತ್ತಿಗಳು ತಾಟಿನ ಕಡೆ ಬಾಗಿರುತ್ತವೆ, ಎಣ್ಣೆಗಾಯಿಯ ಮುಂದೆ ಚಾವಣಿ ಯಾರಿಗೆ ಬೇಕು? ನನಗೆ ಬೇಸರವಿಲ್ಲ. ನಾನು ಪೂರ್ತಿ ಹಳೆಯದಾಗಿಯೂ ಉಳಿದಿಲ್ಲ. ಮೈಯಲ್ಲಿ ಹಿತ್ತಾಳೆಯಿದೆ, ಒಂದು ಎಲೆ ಇನ್ನೊಬ್ಬನ ಕೈಯದು. ಉಳಿಯುವುದೆಂದರೆ ಹೀಗೆಯೇ, ಹಳೆಯ ಬೆಲ್ಲಕ್ಕೆ ಹೊಸ ಬೆಲ್ಲ ಕೂಡಿಕೊಳ್ಳುವುದು ಎಂದು ನನಗೆ ಈಗ ಅನ್ನಿಸುತ್ತದೆ.

ಖಾನಾವಳಿ ಶುರುವಾಗುವ ಹಿಂದಿನ ದಿನ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ದಾಕ್ಷಾಯಣಿ ಮತ್ತೆ ತೊಟ್ಟಿಲು ಕಟ್ಟಿಸಿದಳು. ಮೊದಲು ಗುಂಡಕಲ್ಲು ತೂಗಿತು, ಮನಸ್ಸಿಗೆ ಸಾಕೆನಿಸುವವರೆಗೂ ಅದನ್ನೇ ತೂಗಿದಳು. ಒಂದು ಕಣ ಧೂಳೂ ಬೀಳಲಿಲ್ಲ. ಆಮೇಲೆ ಶೈಲಾ ಕೂಸನ್ನು ಮಲಗಿಸಿದಳು. ಗೌರಿ ಕೈಕಾಲು ಬಡಿದಳು, ಕಣ್ಣನ್ನು ಅತ್ತ ಇತ್ತ ಆಡಿಸಿದಳು, ನನ್ನ ಎಲೆಗಳ ಮೇಲೆ ಒಂದು ಸುತ್ತು ಹಾಯಿಸಿದಳು. ತಿರುವಿದ ಎಲೆಯ ಹತ್ತಿರ ಬಂದಾಗ ಆ ಕಣ್ಣು ನಿಂತಿತು.

ದಾಕ್ಷಾಯಣಿ ತೊಟ್ಟಿಲ ಪಕ್ಕದಲ್ಲಿ ನೆಲದ ಮೇಲೆ ಅಂಗಾತ ಮಲಗಿ ಮೊಮ್ಮಗಳು ನೋಡುತ್ತಿದ್ದದ್ದನ್ನೇ ನೋಡಿದಳು. ಒಂದೇ ಹೊತ್ತಿಗೆ ನಾಲ್ಕು ಕಣ್ಣು ನನ್ನ ಮೇಲೆ. ಕೂಸು ನಕ್ಕಿತು. ನಾನು ಒಂದು ಚೂರೂ ಉದುರಲಿಲ್ಲ.